ಹಂಗಾಮಿ ಕಾರ್ಯದರ್ಶಿಯ ಶುಭಾಶಯಗಳು

ನನ್ನ ಗಂಡ ಸಂಭಾಜಿ ಒಂಬತ್ತು ವರ್ಷಗಳಿಂದ ಹಂಗಾಮಿ. ಗಂಡನಾಗಿ ಅಲ್ಲ. ಆ ಹುದ್ದೆಯಲ್ಲಿ ಅವರು ಕಾಯಂ ಎಂದು ನಮ್ಮ ಅತ್ತೆ ಸಾವಿತ್ರೆವ್ವ ಮದುವೆಯ ದಿನವೇ ನನಗೆ ತಿಳಿಸಿದ್ದಾರೆ. ನಾನು ಹೇಳುತ್ತಿರುವುದು ನಮ್ಮೂರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಹುದ್ದೆಯ ಮಾತು. ನಮ್ಮೂರು ಪಾಲಬಾವಿಗೆ ಹತ್ತಿರ, ರಾಯಬಾಗಕ್ಕೆ ದೂರ, ಬಸ್ಸಿಗೆ ಇನ್ನೂ ದೂರ. ಬೆಳಗಿನ ಐದೂವರೆಗೆ ಎದ್ದು ಹಾಲು ಅಳೆಯುವುದು, ಫ್ಯಾಟ್ ನೋಡುವುದು, ನೀರು ಹಾಕಿದವರಿಗೆ ನೀರು ಹಾಕಿದ್ದೀರಿ ಎಂದು ನೋಯದಂತೆ ಹೇಳುವುದು, ಕ್ಯಾನುಗಳನ್ನು ಗಾಡಿಗೆ ಏರಿಸುವುದು, ಎಲ್ಲವೂ ಅವರದೇ ಕೆಲಸ. ಸಹಿ ಮಾಡಿದ ಮೇಲೆ ಒತ್ತುವ ರಬ್ಬರ್ ಸ್ಟಾಂಪಿನಲ್ಲಿ ಮಾತ್ರ 'ಹಂಗಾಮಿ ಕಾರ್ಯದರ್ಶಿ' ಎಂದಿದೆ. ಒಂಬತ್ತು ವರ್ಷದಲ್ಲಿ ಅದರ ಉಳಿದ ಅಕ್ಷರಗಳೆಲ್ಲ ಸವೆದುಹೋಗಿ ಈಗ 'ಹಂಗಾಮಿ' ಒಂದೇ ಸ್ಪಷ್ಟವಾಗಿ ಮೂಡುತ್ತದೆ.

ಸಂಘಕ್ಕೆ ಹತ್ತು ಜನ ನಿರ್ದೇಶಕರು. ಐವರು ಅಧ್ಯಕ್ಷ ಜಕ್ಕಪ್ಪನವರ ಕಡೆ, ಐವರು ಉಪಾಧ್ಯಕ್ಷ ದಾದಾಸಾಹೇಬರ ಕಡೆ. ಈ ಹತ್ತು ಜನ ಇದುವರೆಗೆ ಒಮ್ಮತದಿಂದ ಒಪ್ಪಿದ್ದು ಸಭೆಗೆ ಚಹಾ ಬೇಕು ಎಂಬುದನ್ನು ಮಾತ್ರ. ಕಾರ್ಯದರ್ಶಿ ಹುದ್ದೆ ತುಂಬುವ ವಿಷಯ ಪ್ರತಿ ವರ್ಷ ಸಭೆಗೆ ಬಂದು ಐದು–ಐದು ಕೈಗಳ ನಡುವೆ ಸಿಕ್ಕಿ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಈ ಸಲ ಹಾಗೆ ಹೋಗುವಂತಿರಲಿಲ್ಲ; ಹಂಗಾಮಿ ಸಾಕು, ಇವರನ್ನು ಕಾಯಂ ಮಾಡಿ ಇಲ್ಲವೇ ಬೇರೆಯವರನ್ನು ಕೂಡಿಸಿ ಎಂದು ಹಾಲು ಒಕ್ಕೂಟ ಪತ್ರ ಬರೆದಿತ್ತು. ದಾದಾಸಾಹೇಬರ ತಂಗಿಯ ಮಗ ಸುರಜ ಡಿಪ್ಲೊಮಾ ಮುಗಿಸಿ ಮನೆಗೆ ಬಂದಿದ್ದ. ಜೂನ್ ಐದರ ಸಭೆಯಲ್ಲಿ ಆರು ಕೈ ಎದ್ದರೆ ನನ್ನ ಗಂಡ ಕಾಯಂ. ಏಳದಿದ್ದರೆ ಆ ಕುರ್ಚಿಗೆ ಸುರಜ, ನಮ್ಮ ಮನೆಯ ಕಟ್ಟೆಗೆ ನನ್ನ ಗಂಡ. ನಲವತ್ನಾಲ್ಕನೇ ವಯಸ್ಸಿನಲ್ಲಿ ದಿನವಿಡೀ ಮನೆಯಲ್ಲಿ ಕುಳಿತು ನನಗೆ ಸಲಹೆ ಕೊಡುವ ಸಂಭಾಜಿಯವರನ್ನು ನಾನು ಚೆನ್ನಾಗಿ ಊಹಿಸಿಕೊಳ್ಳಬಲ್ಲೆ. ನನಗಿದ್ದ ಭಯ ಅದೇ.

ಇಂಥ ಹೊತ್ತಿನಲ್ಲಿ ಅವರು ಮಾರ್ಚ್ ತಿಂಗಳಲ್ಲಿ ಒಂದು ತಪ್ಪು ಮಾಡಿದ್ದರು.

ನಮ್ಮ ಕಡೆ, ನಿಪ್ಪಾಣಿಯಿಂದ ಅಥಣಿಯವರೆಗೆ, ಮನುಷ್ಯ ಹುಟ್ಟುವುದು ದೊಡ್ಡ ಸಂಗತಿಯಲ್ಲ. ಹುಟ್ಟಿದ ದಿನವನ್ನು ಪ್ರತಿ ವರ್ಷ ಯಾರು ಯಾರು ನೆನೆದರು ಎಂಬುದು ದೊಡ್ಡ ಸಂಗತಿ. ವಾಢದಿವಸ ಎಂಬ ಈ ಹುಟ್ಟುಹಬ್ಬ ಬಂತೆಂದರೆ ಬಸ್ ನಿಲ್ದಾಣಕ್ಕೆ ಫ್ಲೆಕ್ಸ್, ಫೋನಿಗೆ ಫೋಟೋ. ಆ ಫೋಟೋದ ಕೆಳಗೆ ಯಾರ ಹೆಸರಿದೆ, ಯಾರದಿಲ್ಲ ಎಂದು ಓದುವಷ್ಟು ಗಮನವಿಟ್ಟು ಜನ ಮಕ್ಕಳ ಅಂಕಪಟ್ಟಿಯನ್ನೂ ಓದುವುದಿಲ್ಲ. ಸಂಘದ ಫೇಸ್‌ಬುಕ್ ಪೇಜು ನೋಡಿಕೊಳ್ಳುವವರು ನನ್ನ ಗಂಡ. ಮಾರ್ಚ್ ಎಂಟಕ್ಕೆ ಜಕ್ಕಪ್ಪನವರ ವಾಢದಿವಸಕ್ಕೆ ಹೂವಿನ ಚೌಕಟ್ಟಿನ ಫೋಟೋ ಹಾಕಿದರು. ಮಾರ್ಚ್ ಇಪ್ಪತ್ತಕ್ಕೆ ದಾದಾಸಾಹೇಬರದು ಇತ್ತು. ಅಂದು ಕ್ಯಾನು ಸೋರಿ ಗಡಿಬಿಡಿಯಲ್ಲಿ ಮರೆತರು. ಅಂದಿನಿಂದ ದಾದಾಸಾಹೇಬರು ಹಾಲನ್ನು ಆಳಿನ ಕೈಯಲ್ಲಿ ಕಳಿಸಿ, ತಾವು ರಸ್ತೆಯ ಆಚೆ ನಿಂತು ಸಂಘಕ್ಕೆ ಬೆನ್ನು ಕೊಡುತ್ತಿದ್ದರು. ದಿನವೂ ಬಂದು ಬೆನ್ನು ತೋರಿಸುವಷ್ಟು ಶಿಸ್ತಿನ ಸಿಟ್ಟನ್ನು ನಾನು ಮೊದಲು ಕಂಡಿರಲಿಲ್ಲ.

ಇದಕ್ಕೆ ಪರಿಹಾರವನ್ನು ರಾಯಬಾಗದಲ್ಲಿ ಫ್ಲೆಕ್ಸ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟಿರುವ ಜ್ಞಾನದೇವ ತಂದ. ನನ್ನ ಗಂಡನ ಜೊತೆ ಶಾಲೆಯಲ್ಲಿ ಕಲಿತವನು. ಮೇ ಹತ್ತರಂದು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ನಮ್ಮ ಪಡಸಾಲೆಯಲ್ಲಿ ಕುಳಿತು, ಎರಡನೇ ಕಪ್ಪು ಚಹಾ ಕುಡಿಯುತ್ತ ಹೇಳಿದ.

"ವೈನಿ, ಎಪಿಐ ಅಂದ್ರ ಹಿತ್ತಲ ಬಾಗಿಲಾ ಇದ್ದಂಗ. ಮುಂದಿನ ಬಾಗಿಲದಾಗ ನಾವು ನೀವು ಫೋನ್ ಹಿಡಕೊಂಡ ಹೋಗಿ ಒಂದೊಂದ ಫೋಟೋ ಹಾಕ್ತೀವಿ. ಹಿತ್ತಲ ಬಾಗಿಲಕ ನಮ್ಮ ಪ್ರೋಗ್ರಾಮ್ ಹೋಗ್ತೈತಿ. ಟೋಕನ್ ತೋರಸ್ತೈತಿ, ಇದನ್ನ ಹಾಕ್ರಿ ಅಂತೈತಿ, ಅಲ್ಲೆ ಹಾಕಿಬಿಡ್ತಾರ. ದಿನಾ ಮುಂಜಾನೆ ಏಳಕ್ಕ ಯಾದಿ ನೋಡೂದು, ಇವತ್ತ ಯಾರ್ದ ವಾಢದಿವಸ ಐತಿ ಅವರಿಗೆ ಶುಭಾಶಯ. ಮನಷ್ಯಾ ಮರೀತಾನ, ಇದು ಮರಿಯಂಗಿಲ್ಲ."

"ಆ ಹೆಸರಿನ ಯಾದಿನ ತಪ್ಪಿದ್ರ?" ಎಂದೆ.

"ಅದಕ ತಪ್ಪು ಒಪ್ಪು ತಿಳಿಯಂಗಿಲ್ರಿ ವೈನಿ. ಹೇಳಿದ್ದ ಮಾಡ್ತೈತಿ. ಭಾಳ ಪ್ರಾಮಾಣಿಕ."

ಹೇಳಿದ್ದನ್ನೆಲ್ಲ ಮಾಡುವ ಪ್ರಾಮಾಣಿಕರನ್ನು ಕಂಡರೆ ನನಗೆ ಮೊದಲಿನಿಂದಲೂ ಅಂಜಿಕೆ. ಆದರೆ ನನ್ನ ಗಂಡನ ಮುಖ ಅರಳಿತ್ತು.

"ನೋಡು ಅನುಸೂಯಾ, ಮಷೀನಿಗೆ ಪಾರ್ಟಿ ಇಲ್ಲ. ಜಕ್ಕಪ್ಪ ಕಾಕಾನೂ ಅಷ್ಟ, ದಾದಾಸಾಹೇಬ ಮಾಮಾನೂ ಅಷ್ಟ. ಇನ್ನ ನನಗ ಯಾರೂ ಬೆರಳ ತೋರಸಂಗಿಲ್ಲ."

"ಹಂಗಾದ್ರ ಹತ್ತ ಮಂದಿ ಡೈರೆಕ್ಟರದ ಅಷ್ಟ ಹಾಕ್ರಿ. ಮೊದಲ ಎರಡ ಹೆಸರ ಹಾಕಿ ನೋಡ್ರಿ."

"ಬರೇ ಡೈರೆಕ್ಟರದ ಹಾಕಿದ್ರ ಚಮಚಾಗಿರಿ ಅಂತಾರ. ಎಲ್ಲಾ ಸಭಾಸದರದ ಹಾಕಿದ್ರ ಸಮಾಜಸೇವಾ ಅಂತಾರ."

ಹೀಗೆ ಸಂಘದ ಕಂಪ್ಯೂಟರಿನಲ್ಲಿದ್ದ ಸದಸ್ಯರ ರಜಿಸ್ಟರು, ನಾನೂರ ಹನ್ನೆರಡು ಹೆಸರು, ಫೋಟೋ ಮತ್ತು ಹುಟ್ಟಿದ ದಿನಾಂಕದ ಸಮೇತ, ಜ್ಞಾನದೇವನ ಯಂತ್ರದ ಹೊಟ್ಟೆಗೆ ಹೋಯಿತು. ಜಕ್ಕಪ್ಪ ಮಾರ್ಚಿನಲ್ಲಿ ಹುಟ್ಟಿದ್ದಾರೆಂದು ಊರಿಗೆಲ್ಲ ಗೊತ್ತಿದ್ದರೂ ದಫ್ತರದಲ್ಲಿ ಏನು ಬರೆದಿದೆ ಎಂದು ಯಾರೂ ನೋಡಲಿಲ್ಲ. ದಫ್ತರದಲ್ಲಿದ್ದದ್ದು ಸರಿಯೇ ಇರುತ್ತದೆ ಎಂಬುದು ನನ್ನ ಗಂಡನ ನಂಬಿಕೆ, ಏಕೆಂದರೆ ಅದನ್ನು ಬರೆದವರು ಅವರೇ.

ಶುಭಾಶಯದ ಒಕ್ಕಣೆಯನ್ನು ನನಗೆ ಬರೆಯಲು ಹೇಳಿದರು. ನಾನು ಚಿಕ್ಕೋಡಿಯಲ್ಲಿ ಬಿ.ಎ. ಓದಿದವಳು, ಸಂಘದ ಪತ್ರಗಳನ್ನು ಒಂಬತ್ತು ವರ್ಷದಿಂದ ನಾನೇ ತಿದ್ದುತ್ತ ಬಂದಿದ್ದೇನೆ. ಅವರು 'ಜನಮನ ಗೆದ್ದ ಯುವನಾಯಕ' ಎಂದು ಶುರುಮಾಡಬೇಕೆಂದರು. ಎಪ್ಪತ್ತು ದಾಟಿದವರೂ ಯಾದಿಯಲ್ಲಿದ್ದಾರೆ ಎಂದು ನೆನಪಿಸಿ, ಅದನ್ನು ತೆಗೆಸಿ, "ನಮ್ಮ ಸಂಘದ ಸಕ್ರಿಯ ಸದಸ್ಯರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಆಯುಷ್ಯ, ಆರೋಗ್ಯ ಸದಾ ಇರಲಿ" ಎಂದಷ್ಟೇ ಬರೆದುಕೊಟ್ಟೆ. ಯಾರಿಗೂ ನೋವಾಗದ, ಯಾರನ್ನೂ ಏರಿಸದ ವಾಕ್ಯ. ಅದರೊಳಗೆ 'ಇಷ್ಟನೇ ಹುಟ್ಟುಹಬ್ಬ' ಎಂಬ ಜಾಗವನ್ನು ಜ್ಞಾನದೇವ ನನ್ನನ್ನು ಕೇಳದೆ ಸೇರಿಸಿದ. ಪ್ರೋಗ್ರಾಮಿಗೆ ವಯಸ್ಸು ಲೆಕ್ಕ ಹಾಕಲು ಬರುತ್ತದೆ, ಬಂದದ್ದನ್ನು ಯಾಕೆ ಬಿಡಬೇಕು ಎಂಬುದು ಅವನ ವಿಚಾರ.

ಮೇ ಹದಿನೈದಕ್ಕೆ ಯಂತ್ರ ಶುರುವಾಯಿತು. ಹದಿನೆಂಟಕ್ಕೆ ಮೊದಲ ಶುಭಾಶಯ ನಮ್ಮ ಪಕ್ಕದ ಮನೆಯ ಅಕ್ಕವ್ವನಿಗೆ. ಆಧಾರ್ ಕಾರ್ಡಿನವರು ಅಂದಾಜಿಗೆ ಬರೆದ ತಾರೀಖು ಅದು. ಅವಳ ಬಳಿ ಫೋನಿಲ್ಲ. ನನ್ನ ಫೋನಿನಲ್ಲಿ ತನ್ನ ಫೋಟೋ ನೋಡಿ, "ನಾ ಯಾವಾಗ ಹುಟ್ಟೀನಿ ಅಂತ ನಮ್ಮವ್ವಗ ಗೊತ್ತಿರಲಿಲ್ಲ, ಇದಕ ಯಾರ ಹೇಳಿದ್ರಬೇ?" ಎಂದು ಒಂದು ಚರಿಗೆ ಮಜ್ಜಿಗೆ ಕೊಟ್ಟು ಹೋದಳು. ಇಪ್ಪತ್ಮೂರಕ್ಕೆ ಇನ್ನೊಬ್ಬರದು, ಇಪ್ಪತ್ತೇಳಕ್ಕೆ ಮತ್ತೊಬ್ಬರದು. ಎಲ್ಲವೂ ಏಳು ಗಂಟೆಗೆ ಸರಿಯಾಗಿ. ಜನ ಹೊಗಳಿದರು. ಮೇ ಇಪ್ಪತ್ತೊಂಬತ್ತರಂದು ದಾದಾಸಾಹೇಬರು ರಸ್ತೆಯಾಚೆ ಪೂರ್ತಿ ಬೆನ್ನು ಕೊಡದೆ ಓರೆಯಾಗಿ ನಿಂತಿದ್ದರು. ಬೆನ್ನಿನಿಂದ ಭುಜಕ್ಕೆ ಬಂದಿದ್ದಾರೆ, ಐದನೇ ತಾರೀಖಿನೊಳಗೆ ಮುಖ ಬಂದೀತು ಎಂದು ನನ್ನ ಗಂಡ ಲೆಕ್ಕ ಹಾಕಿದರು. ಜಕ್ಕಪ್ಪನವರ ಕಡೆಯ ಐದು ಕೈಗಳ ಪಕ್ಕ ಆರನೆಯ ಕೈ ಅವರ ಕಣ್ಣಿಗೆ ಕಾಣುತ್ತಿತ್ತು.

ಜೂನ್ ಒಂದರಂದು ಅವರು ಸಂಘದಲ್ಲಿ ಹಾಲು ಅಳೆಯುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನು ಗೂಡಿನಲ್ಲಿತ್ತು. ಏಳು ಗಂಟೆಗೆ ಅದು ಟಿಣ್ ಎಂದಿತು. ಇವತ್ತು ಯಾರದೋ ಇದೆ ಎಂದುಕೊಂಡೆ. ಮತ್ತೆ ಟಿಣ್ ಎಂದಿತು. ಇಬ್ಬರು. ಮತ್ತೆ. ರೊಟ್ಟಿಯ ಒಂದು ಮಗ್ಗುಲು ಬೇಯುವುದರೊಳಗೆ ಹನ್ನೊಂದು ಸಲ ಎಂದಿತು. ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡೆ. ಅಂಬವ್ವ, ಅಣ್ಣಪ್ಪ, ಅಪ್ಪಾಸಾಹೇಬ, ಆನಂದಾ. ಎಲ್ಲರೂ ಪಾಸ್‌ಪೋರ್ಟ್ ಫೋಟೋದಲ್ಲಿ ಕಳವಾದ ದನ ಹುಡುಕಿಕೊಡಿ ಎನ್ನಲು ಠಾಣೆಗೆ ಬಂದವರಂತೆ ನೋಡುತ್ತಿದ್ದರು. ಎಲ್ಲರಿಗೂ ಹೂವಿನ ಚೌಕಟ್ಟು. ಎಲ್ಲರದೂ ಇವತ್ತೇ ಹುಟ್ಟುಹಬ್ಬ.

ಆಗ ಅರ್ಥವಾಯಿತು. ರೊಟ್ಟಿ ಸೀದದ್ದೂ ಆಗಲೇ.

ನಮ್ಮ ಕಡೆ ನಲವತ್ತು ದಾಟಿದ ಯಾರನ್ನೇ ಕೇಳಿ, ದಾಖಲೆಯಲ್ಲಿ ಅವರು ಹುಟ್ಟಿದ್ದು ಜೂನ್ ಒಂದಕ್ಕೆ. ಹಿಂದೆ ಮಗುವನ್ನು ಶಾಲೆಗೆ ಕರೆದೊಯ್ದರೆ ಹೆಡ್‌ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ. ಹುಟ್ಟಿದ್ದೂ ಜೂನ್ ಒಂದಕ್ಕೆ. ಶಾಲೆಗೇ ಹೋಗದವರು ಇದರಿಂದ ಪಾರಾಗಬೇಕಿತ್ತು. ಆದರೆ ಆರು ವರ್ಷದ ಹಿಂದೆ ರಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವಾಗ, ಹುಟ್ಟಿದ ದಿನಾಂಕದ ಖಾನೆ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ನನ್ನ ಗಂಡ ಅಂದು ಮನೆಗೆ ಬಂದು, "ಒಂದ ಉಪಾಯ ಮಾಡೀನಿ" ಎಂದು ನಕ್ಕಿದ್ದರು. ಆ ಉಪಾಯ ಏನೆಂದು ನಾನು ಕೇಳಿರಲಿಲ್ಲ. ಈಗ ಫೋನಿನಲ್ಲಿದ್ದ ಯಾದಿ ತೆರೆದು ಎಣಿಸಿದೆ. ನಾನೂರ ಹನ್ನೆರಡು ಸದಸ್ಯರಲ್ಲಿ ಮುನ್ನೂರ ಮೂವತ್ತೊಂದು ಜನ ಜೂನ್ ಒಂದಕ್ಕೆ ಹುಟ್ಟಿದ್ದರು.

ಜ್ಞಾನದೇವನಿಗೆ ಫೋನು ಮಾಡಿದೆ. ಅವನು ಉಗಾರ ಖುರ್ದದಲ್ಲಿ ಯಾರದೋ ಫ್ಲೆಕ್ಸ್ ಕಟ್ಟಿಸುತ್ತ ಏಣಿಯ ಮೇಲಿದ್ದನಂತೆ. ಕೆಳಗೆ ನಿಂತವರು ಎತ್ತಿ, "ಅಣ್ಣಾ ಮ್ಯಾಲ ಅದಾನ್ರಿ" ಎಂದು ಇಟ್ಟರು. ನಾನು ಸೆರಗಿಗೆ ಕೈ ಒರೆಸಿಕೊಂಡು ಸಂಘಕ್ಕೆ ಓಡಿದೆ.

ಅಲ್ಲಿ ಮೊದಲ ಹತ್ತು ನಿಮಿಷ ಎಲ್ಲರೂ ಸಂತೋಷವಾಗಿದ್ದರು ಎಂದು ನ್ಯಾಯಕ್ಕಾಗಿ ಹೇಳಬೇಕು. ಹಾಲಿನ ಪಾಳಿಯಲ್ಲಿ ನಿಂತವರ ಜೇಬುಗಳೆಲ್ಲ ಒಂದೊಂದಾಗಿ ಟಿಣ್ ಎನ್ನುತ್ತಿದ್ದವು.

"ಏ, ನನ್ನ ವಾಢದಿವಸ ಅಂತಲೇ ಇವತ್ತ!"

"ನಂದೂ ಬಂತ ನೋಡಲೇ!"

"ನಿಮ್ಮವ್ವ ನಮ್ಮವ್ವ ಕೂಡೇ ಹಡದಾರೇನಲೇ?"

ಕ್ಯಾನು ಕೆಳಗಿಟ್ಟು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ನನ್ನ ಗಂಡ ಅಳತೆಯ ಪಾತ್ರೆ ಹಿಡಿದು ಎಲ್ಲರ ನಡುವೆ ನಗುತ್ತ ನಿಂತಿದ್ದರು. ಏನಾಗಿದೆ ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಹತ್ತಿರ ಹೋಗಿ ಯಾದಿ ತೋರಿಸಿದೆ. ನೋಡಿದರು. ಪಾತ್ರೆಯಲ್ಲಿದ್ದ ಹಾಲನ್ನು ಕ್ಯಾನಿಗೆ ಸುರಿಯುವ ಬದಲು ತಂದವರ ಚರಿಗೆಗೇ ತಿರುಗಿ ಸುರಿದರು.

"ನಿಲ್ಲಸೂದ ಹ್ಯಾಂಗ?" ಎಂದರು.

"ನಿಮಗ ಗೊತ್ತಿರಬೇಕ."

"ನನಗ ಚಾಲೂ ಮಾಡೂದೂ ಗೊತ್ತಿಲ್ಲ."

ಅಷ್ಟರಲ್ಲಿ ಜನ ವಯಸ್ಸು ಓದಲು ಶುರುಮಾಡಿದ್ದರು.

ಅಧ್ಯಕ್ಷ ಜಕ್ಕಪ್ಪನವರಿಗೆ ನಲವತ್ತೊಂಬತ್ತನೇ ಹುಟ್ಟುಹಬ್ಬ. ಅವರ ಹಿರಿಯ ಮಗನಿಗೆ ನಲವತ್ತನೇದು. ಅತ್ತೆ ಸೊಸೆಗೆ ಒಂದೇ ವಯಸ್ಸು. ಒಬ್ಬ ತಮ್ಮ ಅಣ್ಣನಿಗಿಂತ ಎರಡು ವರ್ಷ ದೊಡ್ಡವನಾಗಿ, ಅಲ್ಲೇ ಪಾಳಿಯಲ್ಲಿ, "ಇನ್ನ ಮ್ಯಾಲೆ ನನಗ ಅಣ್ಣಾ ಅನ್ನಲೇ" ಎಂದು ಅಣ್ಣನಿಗೆ ಹೇಳಿಬಿಟ್ಟ. ಆ ಮನೆಯಲ್ಲಿ ಇವತ್ತಿಗೂ ಎರಡು ಒಲೆ ಉರಿಯುತ್ತಿವೆ ಎಂದು ಕೇಳಿದ್ದೇನೆ.

ಜಕ್ಕಪ್ಪನವರು ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದರು. ಹಿಂದೆ ಹಿರಿಯ ಮಗ ಕುಳಿತಿದ್ದ. ಅಂಥ ಹೊತ್ತಿನಲ್ಲಿ ಅವನನ್ನು ಕರೆತರಬಾರದಿತ್ತು.

"ಸಂಭಾ, ನನಗ ಒಂಬತ್ತ ವರ್ಷದಾಗ ಮಗಾ ಹುಟ್ಯಾನೇನೋ?"

"ಕಾಕಾ, ದಫ್ತರದಾಗ ಹಂಗ..."

"ದಫ್ತರ ಸುಡಲಿ. ಮಾರ್ಚನ್ಯಾಗ ನಾ ಕೇಕ ಕೊಯ್ದದ್ದ ಸುಳ್ಳೇನು? ಆ ಮಂದಿ ಏನ ಹಾಕ್ಯಾರ ನೋಡಿಲ್ಲಿ." ಫೋನು ತೋರಿಸಿದರು. ದಾದಾಸಾಹೇಬರ ಕಡೆಯ ಯಾರೋ ಮಾರ್ಚಿನ ಫೋಟೋ, ಜೂನಿನ ಫೋಟೋ ಎರಡನ್ನೂ ಜೋಡಿಸಿ, 'ವರ್ಷಕ್ಕೆ ಎರಡು ಸಲ ಹುಟ್ಟುವ ಅಧ್ಯಕ್ಷರಿಗೆ ಎರಡು ಪಟ್ಟು ಶುಭಾಶಯ' ಎಂದು ಹಾಕಿದ್ದರು. "ಇದನ್ನ ಮಾಡಾಕಂತ ಆ ದಾದ್ಯಾ ನಿನಗ ಹೇಳ್ಯಾನೋ ಇಲ್ಲೋ?"

ಇಲ್ಲ ಎಂದು ಹೇಳುವಷ್ಟರಲ್ಲಿ ದಾದಾಸಾಹೇಬರೇ ರಸ್ತೆ ದಾಟಿ ಬಂದರು. ಎರಡು ತಿಂಗಳ ಮೇಲೆ ಅವರ ಮುಖ ಕಂಡಿತು. ನನ್ನ ಗಂಡ ಬಯಸಿದ್ದು ಈ ಮುಖವನ್ನಲ್ಲ.

"ಅನುಸೂಯಾ, ನೀ ಕಲತಾಕಿ ಅದೀ, ನೀ ಹೇಳು," ಎಂದು ನನ್ನ ಕಡೆಗೇ ತಿರುಗಿದರು. "ಜಕ್ಕ್ಯಾಂದು ಏಳ ಗಂಟೆ ನಾಕ ನಿಮಿಷಕ್ಕ. ನಂದು ಏಳ ಹನ್ನೊಂದಕ್ಕ. ನಡುವ ಏಳ ನಿಮಿಷ ಎಲ್ಲಿ ಹೋದುವು?"

"ಮಾಮಾ, ಅದು ಅಕ್ಷರದ ಪ್ರಕಾರ ಹಾಕೈತ್ರಿ. ಜ ಆದ ಮ್ಯಾಲ ದ ಬರತೈತಿ."

"ಅಕ್ಷರಾ ಜೋಡಿಸಿದವರ ಯಾರು?"

ಕನ್ನಡ ವರ್ಣಮಾಲೆಯಲ್ಲಿ ಜಕ್ಕಪ್ಪನವರ ಕಡೆಯವರ ಕೈವಾಡವಿಲ್ಲ ಎಂದು ನಾನು ಸಾಧ್ಯವಾದಷ್ಟು ವಿನಯದಿಂದ ತಿಳಿಸಿದೆ. ದಾದಾಸಾಹೇಬರು ನಂಬಲಿಲ್ಲ. ಅವರಿಗೂ ಮಾರ್ಚಿನಲ್ಲಿ ಒಮ್ಮೆ ಹುಟ್ಟುಹಬ್ಬ ಆಗಿದೆ, ಆದ್ದರಿಂದ ಅವರೂ ಎರಡು ಸಲ ಹುಟ್ಟಿದಂತಾಯಿತು ಎಂದು ಜಕ್ಕಪ್ಪನವರ ಮಗ ನೆನಪಿಸಿದ. ಆಮೇಲೆ ಯಾರ ಮಾತೂ ಯಾರಿಗೂ ಕೇಳಲಿಲ್ಲ.

ಏಳು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಫೋನುಗಳು ಒಮ್ಮೆಲೇ ಸುಮ್ಮನಾದವು. ಹಿತ್ತಲ ಬಾಗಿಲಿನಿಂದ ಇಷ್ಟು ಬೇಗ ಇಷ್ಟೊಂದು ಹಾಕುವಂತಿಲ್ಲ, ಸದ್ಯಕ್ಕೆ ತಡೆಯಲಾಗಿದೆ ಎಂದು ಪೇಜಿನ ಮೇಲೆ ಸೂಚನೆ ಬಂದಿತ್ತು. ಅಷ್ಟೊತ್ತಿಗೆ ನೂರ ತೊಂಬತ್ತೆರಡು ಶುಭಾಶಯಗಳು ಹೋಗಿ, ಭ ಅಕ್ಷರ ಮುಗಿದಿತ್ತು. ನಾನು ಉಸಿರುಬಿಟ್ಟೆ. ಅದು ತಪ್ಪಾಯಿತು.

ಮಾಳಸಿದ್ದ ಎಂಬ ಸದಸ್ಯ ಎರಡು ಎಮ್ಮೆಗಳನ್ನು ಹಿಡಿದುಕೊಂಡೇ ಸಂಘದ ಅಂಗಳಕ್ಕೆ ಬಂದ. ಕಟ್ಟಿಹಾಕಿ ಬರುವಷ್ಟು ಸಹನೆ ಅವನಿಗೆ ಉಳಿದಿರಲಿಲ್ಲ.

"ಸಂಭಾಜಿರಾವ, ನಮ್ಮಪ್ಪ ನಾಮದೇವ ಹೋಗಿ ನಾಕ ವರ್ಷ ಆತು. ಸಕ್ರಿಯ ಸದಸ್ಯ ಅಂತ ಹಾಕೀರಿ. ಆರೋಗ್ಯ ಸದಾ ಇರಲಿ ಅಂತೀರಿ. ಎಲ್ಲಿಂದ ಇರಬೇಕ್ರಿ?"

ಆ ಫೋಟೋದ ಕೆಳಗೆ ಐವತ್ತಾರು ಜನ ಅವನ ತಂದೆಗೆ ಕೇಕಿನ ಚಿತ್ರ ಕಳಿಸಿದ್ದರು. ಕಾಗವಾಡದ ಬೀಗರು ಫೋನು ಮಾಡಿ, ಹಿರಿಯರು ಆರಾಮ ಇದ್ದಾರೇನು, ಒಂದು ಮಾತು ಆಡುತ್ತೇವೆ ಕೊಡಿ ಎಂದಿದ್ದರಂತೆ. ಮಣ್ಣಿಗೆ ಬಂದು ಹೋದ ಬೀಗರೇ.

"ಅದು ಹೋಗಲಿ," ಎಂದ ಮಾಳಸಿದ್ದ. ಈಗ ಅವನ ದನಿ ನಿಜವಾಗಿಯೂ ನಡುಗುತ್ತಿತ್ತು. "ನಂದೂ ಜೂನ್ ಒಂದ ಐತಿ. ನಂದ ಯಾಕ ಇಲ್ಲ? ಸತ್ತವರಿಗೆ ಶುಭಾಶಯ ಐತಿ, ಎರಡ ಹೊತ್ತ ಹಾಲ ಹಾಕಾವಗ ಇಲ್ಲ?"

ಅವನ ಹಿಂದೆ ಮ, ಯ, ರ, ಲ, ವ, ಶ, ಸ ಮತ್ತು ಹ ಅಕ್ಷರದವರು ಸೇರತೊಡಗಿದ್ದರು. ನೂರ ಮೂವತ್ತೊಂಬತ್ತು ಜನ. ಹೀಗೆ ನಮ್ಮೂರು ಅಂದು ಮೂರು ಭಾಗವಾಯಿತು: ಶುಭಾಶಯ ಬಂದದ್ದಕ್ಕೆ ಸಿಟ್ಟಾದವರು, ತಡವಾಗಿ ಬಂದದ್ದಕ್ಕೆ ಸಿಟ್ಟಾದವರು, ಬರಲೇ ಇಲ್ಲವೆಂದು ಸಿಟ್ಟಾದವರು. ನಾಲ್ಕನೇ ಭಾಗದಲ್ಲಿ ನಮ್ಮ ಅತ್ತೆ ಒಬ್ಬರೇ ಇದ್ದರು. ಮನೆಗೆ ಬಂದ ಮಗನನ್ನು ಹೊಸ್ತಿಲಲ್ಲೇ ತಡೆದು, "ಊರ ಮಂದಿಗೆಲ್ಲಾ ಹೂವಿನ ಫೋಟೋ ಹಾಕಿ ನಿಂದ ನೀ ಹಾಕ್ಕೊಳ್ಳಿಲ್ಲ. ನಿನಗ ಯಾವಾಗ ಬುದ್ಧಿ ಬರೂದೋ ಸಂಭಾ?" ಎಂದರು.

ಮಧ್ಯಾಹ್ನ ಜ್ಞಾನದೇವ ಏಣಿಯಿಂದ ಇಳಿದು ಫೋನು ಮಾಡಿದ. ಟೋಕನ್ ರದ್ದು ಮಾಡಿದ್ದೇನೆ, ಇನ್ನು ಏನೂ ಹೋಗುವುದಿಲ್ಲ ಎಂದ. "ಪ್ರೋಗ್ರಾಮಿನ್ಯಾಗ ಒಂದೂ ತಪ್ಪ ಇರಲಿಲ್ಲ ನೋಡ್ರಿ ವೈನಿ," ಎಂದು ಹೆಮ್ಮೆಯಿಂದ ಸೇರಿಸಿದ.

ಯಾರೂ ಏನೂ ಹಾಕಬೇಡಿ, ಎರಡು ದಿನ ಸುಮ್ಮನಿರಿ ಎಂದು ನಾನು ಗಂಡನಿಗೆ ಹೇಳಿ ಬಟ್ಟೆ ಒಗೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಸ್ವಂತ ಬುದ್ಧಿಯಿಂದ, ಸ್ವಂತ ಕೈಯಿಂದ, ಪೇಜಿನಲ್ಲಿ ಬರೆದಿದ್ದರು: "ತಾಂತ್ರಿಕ ಕಾರಣದಿಂದ ಜೂನ್ ಒಂದಕ್ಕೆ ಹುಟ್ಟಿದ ಎಲ್ಲ ಸದಸ್ಯರ ಕ್ಷಮೆ ಕೋರುತ್ತೇವೆ." ನಾನು ಬರೆದಿದ್ದ ಒಕ್ಕಣೆಗೆ ಜನ ಬೈದಿದ್ದರು. ಇದಕ್ಕೆ ನಗತೊಡಗಿದರು. ಬೈಗುಳ ಊರಿನೊಳಗೆ ಉಳಿದಿತ್ತು. ನಗು ಸಂಜೆಯೊಳಗೆ ಅಥಣಿ ಮುಟ್ಟಿತು. ನನ್ನ ತವರಿನಿಂದ ಅಣ್ಣ ಫೋನು ಮಾಡಿ, ನಮ್ಮ ಭಾವನವರು ತಾಂತ್ರಿಕವಾಗಿ ಆರಾಮವೇ ಎಂದು ಕೇಳಿದ.

ಮುಂದಿನ ನಾಲ್ಕು ದಿನ ನನ್ನ ಗಂಡ ಹಾಲು ಅಳೆದರು, ಬೈಸಿಕೊಂಡರು, ಒಂದೊಂದೇ ಶುಭಾಶಯವನ್ನು ಕೈಯಿಂದ ಅಳಿಸಿದರು. ಅಳಿಸಿದ್ದಕ್ಕೂ ಕೆಲವರು ಬಂದು ಬೈದರು; ಫೋಟೋ ಚೆನ್ನಾಗಿ ಬಂದಿತ್ತಂತೆ. ಆರು ಕೈಗಳ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಸುರಜ ಹೊಸ ಅಂಗಿ ಹೊಲಿಸಿದ್ದಾನೆ ಎಂದು ಅಕ್ಕವ್ವ ಬೇಲಿಯ ಮೇಲಿಂದ ತಿಳಿಸಿದಳು. ನಾನು ಹಿತ್ತಲಲ್ಲಿ ಎಮ್ಮೆ ಕಟ್ಟುವ ಜಾಗ, ಕಟ್ಟೆಯ ಮೇಲೆ ಗಂಡ ಕೂಡುವ ಜಾಗ ನೋಡಿಕೊಂಡೆ. ಎಮ್ಮೆ ಮಾತಾಡುವುದಿಲ್ಲವಲ್ಲ ಎನ್ನಿಸಿತು.

ಐದನೇ ತಾರೀಖಿನ ಸಭೆಗೆ ಚಹಾ ಒಯ್ಯುವುದು ಎಂದಿನಂತೆ ನಮ್ಮ ಮನೆಯ ಪಾಳಿ. ಕೆಟಲಿ ಹಿಡಿದು ನಾನು, ಕಪ್ಪು ಹಿಡಿದು ಅತ್ತೆ, ಹಾಲು ಪರೀಕ್ಷೆ ಮಾಡುವ ಕೋಣೆಯಲ್ಲಿ ನಿಂತೆವು. ಸಭೆ ನಡೆಯುವ ಕೋಣೆಗೂ ಇದಕ್ಕೂ ನಡುವೆ ಒಂದು ಪರದೆ ಮಾತ್ರ. ಅಂದು ಒಕ್ಕೂಟದ ವಿಸ್ತರಣಾಧಿಕಾರಿ ರಾಜೇಶ್ವರಿ ಮೇಡಂ ಬಂದಿದ್ದರು. ಹನ್ನೆರಡು ಸಂಘಗಳ ಜಗಳ ನೋಡಿ ನೋಡಿ ಮುಖದ ಮೇಲೆ ಯಾವ ಭಾವವೂ ಉಳಿಯದ ಹೆಂಗಸು.

ದಾದಾಸಾಹೇಬರು ಎದ್ದು ನಿಂತರು. "ಮೇಡಂ, ಈ ಮನಷ್ಯಾ ಸಂಘದ ಮಾನಾ ತಗದಾನ. ಇವನ್ನ ಇವತ್ತ ತಗೀರಿ."

ಜಕ್ಕಪ್ಪನವರೂ ಎದ್ದರು. "ತಗಿಯೂದಕ್ಕ ನನ್ನ ವಿರೋಧ ಇಲ್ಲ."

ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು. ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ನನ್ನ ಗಂಡ ತಮ್ಮ ಪೆನ್ನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಪೆನ್ನು ಸಂಘದ್ದು.

"ಆತು, ತಗಿಯೂಣು," ಎಂದರು ರಾಜೇಶ್ವರಿ ಮೇಡಂ. "ಇವರ ನೇಮಕಾತಿ ಆದೇಶ ಕೊಡ್ರಿ. ಅದರ ನಂಬರ ಹಾಕಿ ರದ್ದ ಮಾಡಬೇಕಾಗತೈತಿ."

ಕಪಾಟು ತೆರೆದರು. ಫೈಲುಗಳನ್ನು ಇಳಿಸಿದರು. ಧೂಳಿಗೆ ಇಬ್ಬರು ನಿರ್ದೇಶಕರು ಸೀನಿದರು. ಕಾಗದ ಸಿಗಲಿಲ್ಲ. ಎಲ್ಲಿದೆ ಎಂದು ಎಲ್ಲರೂ ನನ್ನ ಗಂಡನನ್ನೇ ಕೇಳಿದರು.

"ನನಗ ಯಾರೂ ಕೊಟ್ಟಿಲ್ರಿ," ಎಂದರು ಅವರು ತಪ್ಪಿತಸ್ಥರಂತೆ.

ಜಕ್ಕಪ್ಪನವರು ತಲೆ ಕೆರೆದುಕೊಂಡರು. "ಮೇಡಂ, ಹಿಂದಿನ ಸೆಕ್ರೆಟರಿ ಬಿಟ್ಟ ಹ್ವಾದ. ಯಾರರೆ ಸಿಗೂತನಕಾ ನೀ ಕುಂಡ್ರೋ ಸಂಭಾ ಅಂದಿದ್ವಿ. ಇಂವ ಕುಂತಾ."

"ಬಾಯಿಲೆ ಹೇಳಿದ್ರಿ?"

"ಬಾಯಿಲೆ."

"ಹಂಗಾದ್ರ ಕಾಗದದ ಪ್ರಕಾರ ಇವರು ಇಲ್ಲೆ ಇಲ್ಲ. ಇಲ್ಲದವರನ್ನ ತಗಿಯಾಕ ಬರಂಗಿಲ್ಲ."

"ಚಲೋ ಆತಲ್ರಿ!" ಎಂದರು ದಾದಾಸಾಹೇಬರು. "ತಗಿಯೂ ತ್ರಾಸೂ ಇಲ್ಲ. ನಮ್ಮ ಸುರಜನ್ನ ಕುಂಡ್ರಸೂಣು."

"ಕುಂಡ್ರಸ್ರಿ. ನಂದೇನ ಅಡ್ಡಿಲ್ಲ." ಮೇಡಂ ಒಂದು ರಜಿಸ್ಟರು ತೆರೆದು ಎಲ್ಲರ ಕಡೆ ತಿರುಗಿಸಿದರು. "ಆದ್ರ ಒಂಬತ್ತ ವರ್ಷ ಈ ಪುಟಕ್ಕೆಲ್ಲಾ ಸಹಿ ಮಾಡಿದವರ ಯಾರು ಅಂತ ನಾ ಬರೀಬೇಕಲ್ಲ. ಸೆಕ್ರೆಟರಿ ಇರಲೇ ಇಲ್ಲ ಅಂದ್ರ ಈ ಸಹಿ ಸುಳ್ಳ. ಅದರ ಕೆಳಗ ಖರೆ ಐತಿ ಅಂತ ಸಹಿ ಹಾಕಿದವರು ನೀವು. ಹತ್ತೂ ಮಂದಿ ಹೆಸರ ಬರಕೊಳ್ಳಲೇನ್ರಿ?"

ಪರದೆಯ ಈಚೆ ನಮ್ಮ ಅತ್ತೆ ಕಪ್ಪುಗಳನ್ನು ಕೆಳಗಿಟ್ಟು ಕಿವಿಗೊಟ್ಟರು. ಆಚೆ ಹತ್ತು ಜನ ಒಟ್ಟಿಗೆ ಮಾತಾಡಿದರು. ಯಾರೋ ನೀರು ಕೇಳಿದರು.

"ಮೇಡಂ, ಏನರೆ ದಾರಿ..." ಎಂದರು ಜಕ್ಕಪ್ಪ.

"ದಾರಿ ಒಂದ ಐತಿ. ಒಂಬತ್ತ ವರ್ಷದ ಹಿಂದಿನಿಂದ ಇವರು ಕಾಯಂ ಕಾರ್ಯದರ್ಶಿ ಅಂತ ಮೊದಲ ಠರಾವ ಮಾಡ್ರಿ. ಆಮ್ಯಾಲ ಕಾಯಂ ನೌಕರ ಅಂತ ಇವರಿಗೆ ಕಾರಣ ಕೇಳಿ ನೋಟೀಸ ಕೊಡ್ರಿ, ವಿಚಾರಣಾ ಮಾಡ್ರಿ, ತಪ್ಪ ಸಿದ್ಧ ಆದ್ರ ತಗೀರಿ. ಎಲ್ಲಾ ನಿಯಮದ ಪ್ರಕಾರ ಆಗತೈತಿ."

ಠರಾವು ಒಂದು: ಶ್ರೀ ಸಂಭಾಜಿ ಅವರನ್ನು ಕಾರ್ಯದರ್ಶಿಯೆಂದು ಕಾಯಂಗೊಳಿಸುವುದು. ಸೂಚಕರು ಜಕ್ಕಪ್ಪ. ಅನುಮೋದಕರು ದಾದಾಸಾಹೇಬ. ಪರದೆಯ ಸಂದಿಯಿಂದ ನಾನು ಎಣಿಸಿದೆ, ಹನ್ನೊಂದು ಕೈಗಳು ಎದ್ದವು. ಅವಸರದಲ್ಲಿ ಒಬ್ಬರು ಎರಡೂ ಕೈ ಎತ್ತಿದ್ದರು.

ಠರಾವು ಎರಡು: ಕಾಯಂ ಕಾರ್ಯದರ್ಶಿ ಶ್ರೀ ಸಂಭಾಜಿ ಅವರು ಸಂಘದ ಪೇಜಿನಲ್ಲಿ ಅನುಮತಿಯಿಲ್ಲದೆ ನೂರ ತೊಂಬತ್ತೆರಡು ಸದಸ್ಯರಿಗೆ ಶುಭ ಕೋರಿದ್ದಕ್ಕಾಗಿ ಅವರಿಗೆ ನೋಟೀಸು ಕೊಡುವುದು. ಉತ್ತರಕ್ಕೆ ಏಳು ದಿನ.

ನನ್ನ ಗಂಡ ಆ ನೋಟೀಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು. ಆರೋಪಗಳನ್ನು ಅವರು ಓದಿರಲಿಲ್ಲ. ಮೇಲಿನ ವಿಳಾಸವನ್ನಷ್ಟೇ ಓದಿದ್ದರು: ಶ್ರೀ ಸಂಭಾಜಿ, ಕಾರ್ಯದರ್ಶಿ. ಅದರ ಹಿಂದೆ ಮುಂದೆ ಬೇರೆ ಶಬ್ದ ಇರಲಿಲ್ಲ. "ಲ್ಯಾಮಿನೇಶನ್ ಮಾಡಸೂಣೇನ?" ಎಂದು ನನ್ನನ್ನು ಕೇಳಿದರು.

ಅತ್ತೆ ನೇರವಾಗಿ ಅಂಗಡಿಗೆ ಹೋಗಿ ಪೇಢೆ ತಂದು ಓಣಿಯ ತುಂಬ ಹಂಚಿದರು.

"ಏನಬೇ ಸಾವಿತ್ರೆವ್ವ, ಏನ ವಿಶೇಷ?" ಎಂದಳು ಅಕ್ಕವ್ವ.

"ನಮ್ಮ ಸಂಭಾಗ ನೋಟೀಸ ಬಂದೈತಿ!"

"ಒಳ್ಳೇದಾತ ಬಿಡಬೇ. ಭಾಳ ದಿನದಿಂದ ಕಾಯಾಕತ್ತಿದ್ರಿ."

ರಾಜೇಶ್ವರಿ ಮೇಡಂ ಹೊರಡುವ ಮುನ್ನ ಪರೀಕ್ಷೆಯ ಕೋಣೆಯಲ್ಲಿ ನನ್ನ ಜೊತೆ ನಿಂತು ಚಹಾ ಕುಡಿದಿದ್ದರು. "ಸಂಘದ ಪತ್ರಾ ನೀವ ಬರೀತೀರಂತಲ್ಲ," ಎಂದಿದ್ದರು ಕಪ್ಪಿನೊಳಗೆ ನೋಡುತ್ತ. "ಉತ್ತರಾನೂ ನೀವ ಬರೀರಿ. ಒಂದ ಮಾತ ನೆನಪಿಡ್ರಿ. ತಪ್ಪಾತು ಅಂದ್ರ ತಗೀತಾರ. ತಪ್ಪ ಮಾಡಿಲ್ಲ ಅಂದ್ರ ಸಿಟ್ಟ ಬಂದ ತಗೀತಾರ. ವಿಚಾರಣಾ ನಡದಷ್ಟ ದಿನ ಯಾರೂ ಮುಟ್ಟಾಕ ಬರಂಗಿಲ್ಲ."

ನಾನು ಇಷ್ಟು ವರ್ಷ ಒಂದು ಮಾತಿಗೆ ಒಂದೇ ಅರ್ಥ ಬರುವಂತೆ ಬರೆಯಲು ಹೆಣಗಿದವಳು. ಆ ಏಳು ದಿನ ಅದನ್ನೆಲ್ಲ ಬಿಟ್ಟೆ. ಜನನ ಎಂದರೇನು ಎಂಬಲ್ಲಿಂದ ಶುರುಮಾಡಿ, ದಿನಾಂಕ ಮತ್ತು ದಾಖಲೆಯ ಸಂಬಂಧಕ್ಕೆ ಬಂದು, ಹಿತ್ತಲ ಬಾಗಿಲಿನ ಕಾರ್ಯವಿಧಾನವನ್ನು ಎರಡು ಪುಟ ವಿವರಿಸಿ, ಪ್ರತಿ ವಾಕ್ಯವನ್ನೂ 'ಆದಾಗ್ಯೂ' ಎಂದು ತಿರುಗಿಸಿ, ನೂರ ತೊಂಬತ್ತೆರಡು ಸದಸ್ಯರ ನಿಜವಾದ ಹುಟ್ಟಿದ ದಿನವನ್ನು ವಿಚಾರಣಾ ಸಮಿತಿಯವರು ಮನೆಮನೆಗೆ ಹೋಗಿ ಮೊದಲು ಖಚಿತಪಡಿಸಿಕೊಳ್ಳಬೇಕೆಂದು ಪ್ರಾರ್ಥಿಸಿ, ಹನ್ನೊಂದು ಪುಟ ಬರೆದೆ.

ನನ್ನ ಗಂಡ ಕಟ್ಟೆಯ ಮೇಲೆ ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಡುವೆ ಎರಡು ಸಲ ಹಿಂದಿನ ಪುಟಕ್ಕೆ ಹೋಗಿ ಬಂದರು.

"ಅನುಸೂಯಾ, ಇದರ ಪ್ರಕಾರ ನಾ ತಪ್ಪ ಮಾಡೀನೋ, ಇಲ್ಲೋ?"

"ಅದು ಅವರಿಗೆ ತಿಳಿಯೂದರಾಗ ನೀವು ರಿಟೈರ್ ಆಗಿರ್ತೀರಿ. ಸಹಿ ಮಾಡ್ರಿ," ಎಂದೆ.